ಧೂಳಿನ ಬೆಲ್ಲ

"ಬಾಯಿ ತೆರಿ" ಅನ್ನುವುದೇ ಸಕ್ರವ್ವನ ನೌಕರಿ.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಬೆಣಚುಕಲ್ಲಿನ ಗಿರಣಿ ಇತ್ತು. ಬಿಳಿ ಕಲ್ಲನ್ನು ಒಡೆದು, ಬೀಸಿ, ಹಿಟ್ಟು ಮಾಡಿ ಗಾಜಿನ ಕಾರ್ಖಾನೆಗಳಿಗೆ ಕಳಿಸುವ ಗಿರಣಿ. ಜ್ವಾಳದ ಹಿಟ್ಟಿಗಿಂತ ನುಣ್ಣನೆಯ ಹಿಟ್ಟು. ಸಂಜೆ ಗಿರಣಿ ಬಿಟ್ಟಾಗ ಹೆಂಗಸರು ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು. ತಲೆ, ಹುಬ್ಬು, ಕಣ್ಣಿನ ರೆಪ್ಪೆ ಎಲ್ಲ ಬೆಳ್ಳಗೆ. ನಿನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿಯೂ ಆ ಸಾಲಿನಲ್ಲಿ ಮುದುಕಿಯೇ. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರೆ ಕೂದಲು ಮತ್ತೆ ಕರಿದು. ಆ ಕರಿ ಕೂದಲು ತಾನಾಗಿ ಬೆಳ್ಳಗಾಗುವವರೆಗೆ ಬದುಕಿದವರನ್ನು ಕೇರಿ ಇನ್ನೂ ಕಂಡಿರಲಿಲ್ಲ.

ಸಕ್ರವ್ವ ಮೇಜಿನ ಹಿಂದೆ ನಿಂತು ಒಬ್ಬೊಬ್ಬರ ಕೈಗೆ ಒಂದೊಂದು ತುಂಡು ಬೆಲ್ಲ ಇಡುತ್ತಿದ್ದಳು. ಅವರು ಅಗಿದು ನುಂಗಬೇಕು. ನುಂಗಿ ಬಾಯಿ ತೆರೆಯಬೇಕು. ನಾಲಿಗೆ ಎತ್ತಿ ತೋರಿಸಬೇಕು. ಸಕ್ರವ್ವ ಬಗ್ಗಿ ಒಳಗೆ ನೋಡಿ ಗೋಣು ಹಾಕಬೇಕು. ಆಮೇಲೆ ಮುಂದಿನವರು.

ಬೆಲ್ಲ ತಿಂದರೆ ಧೂಳು ಇಳಿಯುತ್ತದೆ. ಗಿರಣಿ ಹಾಗೆ ಹೇಳುತ್ತಿತ್ತು, ಕೇರಿ ಹಾಗೇ ನಂಬಿತ್ತು. ಗಂಟಲಿಗೆ ಹತ್ತಿದ ಧೂಳು ಬೆಲ್ಲಕ್ಕೆ ಅಂಟಿಕೊಂಡು ಹೊಟ್ಟೆಗೆ ಇಳಿದು ಮುಂಜಾನೆ ಹೊರಗೆ ಬೀಳುತ್ತದೆ ಎಂದು. ಕೆಮ್ಮು ಹತ್ತಿದವರಿಗೂ ಕಾರಣ ಸಿದ್ಧವಿತ್ತು. ಬೆಲ್ಲ ತಿಂದಿರಲಿಕ್ಕಿಲ್ಲ, ಮಕ್ಕಳಿಗೆ ಅಂತ ಸೆರಗಿನಲ್ಲಿ ಕಟ್ಟಿಕೊಂಡು ಒಯ್ದಿರಬೇಕು. ಸತ್ತವರ ಮನೆ ಮುಂದೆ ಕೂತು ಅಳುವವರೂ ಅದನ್ನೇ ಅನ್ನುತ್ತಿದ್ದರು. ಇದೇ ಗಿರಣಿಯಲ್ಲಿ ದುಡಿದ ಸಕ್ರವ್ವನ ಅಪ್ಪ ಯಂಕಪ್ಪ ಸತ್ತಾಗಲೂ ಅಂದಿದ್ದರು. "ಬೆಲ್ಲಾ ಮಾರಿ ಸೆರೆ ಕುಡಿತಿದ್ದ. ಎದಿ ಒಣಗಿ ಹೋತು, ಪಾಪ." ಗಿರಣಿಯ ತಪ್ಪು ಯಾರ ಬಾಯಲ್ಲೂ ಇರಲಿಲ್ಲ. ಬಾಯಲ್ಲಿ ಬೆಲ್ಲವಿತ್ತು.

ಬೆಲ್ಲ ಮನೆಗೆ ಹೋಗಬಾರದೆಂದೇ ಮ್ಯಾನೇಜರ್ ಹೊಳಬಸಪ್ಪ ಈ ಬಾಯಿ ನೋಡುವ ರೂಢಿ ತಂದದ್ದು. ಅದಕ್ಕೆ ಮೊದಲು ಬೆಲ್ಲ ಹಂಚುತ್ತಿದ್ದವ ಊರೊಳಗಿನ ಒಬ್ಬ ಗುಮಾಸ್ತ. ಕೇರಿಯವರ ಕೈ ತಗುಲೀತೆಂದು ಮೊಳದೆತ್ತರದಿಂದ ಬಿಡುತ್ತಿದ್ದ. ಬೊಗಸೆ ತಪ್ಪಿದ ಬೆಲ್ಲವನ್ನು ನೆಲದಿಂದ ಆರಿಸಿ ತಿನ್ನಬೇಕಾಗಿತ್ತು. ಅಂಥವ ಅವರ ಬಾಯಿಯ ಹತ್ತಿರ ಮೋರೆ ಒಯ್ದಾನೆಯೇ? ನೌಕರಿ ಬಿಟ್ಟೇನು, ಇದೊಂದು ಆಗದು ಎಂದ.

ಹೀಗೆ ಸಕ್ರವ್ವನಿಗೆ ನೌಕರಿ ಸಿಕ್ಕಿತು. ಹುದ್ದೆಯ ಹೆಸರು ಪರಿಸರ ಸಹಾಯಕಿ.

ಯಾಕೆಂದರೆ ಸಕ್ರವ್ವ ಎಂ.ಎಸ್ಸಿ. ಓದಿದವಳು. ಧಾರವಾಡದಲ್ಲಿ. ಗಾಳಿ, ನೀರು, ಮಣ್ಣು, ಅವುಗಳಲ್ಲಿ ಮನುಷ್ಯರು ಕೂಡಿಸುವ ವಿಷ, ಇದೇ ಅವಳ ವಿಷಯ. ಆಗಿನ್ನೂ ಹೊಸದು. ಹಾಜರಿ ಕರೆಯುವಾಗ ಸರ್ ಮೊದಲ ದಿನವೇ "ಸಕ್ಕರವ್ವ" ಎಂದು ಓದಿದರು. ಕ್ಲಾಸು ನಕ್ಕಿತು. ಅವಳು ತಿದ್ದಲಿಲ್ಲ. ಓದು ಮುಗಿಯುವ ತನಕ ಸಕ್ಕರವ್ವನಾಗಿಯೇ ಹಾಜರಿ ಹೇಳಿದಳು. ಮಾತು ಗಂಟಲ ತನಕ ಬಂದು ಹಿಂದಕ್ಕೆ ಹೋಗುವ ಜಾತಿಯ ಹುಡುಗಿ.

ಕೂಡ ಓದಿದವರು ಒಂದೊಂದು ದಂಡೆ ಹತ್ತಿದರು. ಇಂದ್ರಾಬಾಯಿ ಬಾದಾಮಿಯ ಕಡೆ ಲೆಕ್ಚರರ್ ಆದಳು. ಅಂದಪ್ಪ ಸರಕಾರಿ ಸಾಹೇಬನಾದ. ಕಾರ್ಖಾನೆಗಳ ಹೊಗೆ, ಧೂಳು ತಪಾಸಣೆ ಮಾಡುವ ಸಾಹೇಬ. ಅವನಿಗೆ ಜೀಪು ಇತ್ತು.

ಸಕ್ರವ್ವ ಬಾಗಲಕೋಟೆಗೆ ಲ್ಯಾಬಿನ ನೌಕರಿಯೊಂದರ ಸಂದರ್ಶನಕ್ಕೆ ಹೋದಳು. ಮೂರು ಜನ ಕೂತಿದ್ದರು. ಕೇಳಿದ ಪ್ರಶ್ನೆ ಒಂದೇ.

"ಹುನಗುಂದದಾಗ ಯಾವ ಓಣಿ?"

ಹೇಳಿದಳು.

"ಏನಿಲ್ಲವಾ, ಲ್ಯಾಬಿನ ಮೂಲ್ಯಾಗ ಕುಡಿಯೂ ನೀರಿನ ಕೊಡ ಐತಿ. ಎಲ್ಲಾರೂ ಅದರಾಗಿಂದ ತುಂಬಕೋತಾರ. ನಿಮಗ ತ್ರಾಸ ಆಕ್ಕೈತಿ."

ಮರುವರ್ಷವೂ ಆ ಜಾಗ ಖಾಲಿ ಇತ್ತು. ಯೋಗ್ಯರು ಸಿಗಲಿಲ್ಲವಂತೆ.

ಇನ್ನೊಂದು ಕಚೇರಿಯಲ್ಲಿ ಅಡಿಕೆ ಎಲೆ ಹಾಕಿಕೊಂಡ ಒಬ್ಬ ಹಿರಿಯ ಸಾವಕಾಶವಾಗಿ ಕೇಳಿದ. "ಪರಿಸರ ಅಂದ್ರೇನವಾ? ಸುತ್ತಮುತ್ತಲಿನ ಜಾಗಾ ಹಸನ ಇಡೂದು, ಹೌದಿಲ್ಲೋ? ನಿಮ್ಮವ್ವ, ನಿಮ್ಮಾಯಿ ಎಲ್ಲಾ ಅದನ್ನ ಮಾಡ್ಕೋತ ಬಂದಾರ. ಅದನ್ನ ಕಲಿಯಾಕ ಧಾರವಾಡಕ್ಕ ಯಾಕ ಹೋಗಿದ್ದಿ? ಕಸಾ ಹೊಡಿಯೂ ಝಾಡಮಾಲಿ ಜಾಗಾ ಒಂದ ಐತಿ ನೋಡು."

ಸುತ್ತ ಇದ್ದವರು ನಕ್ಕರು. ಸಕ್ರವ್ವ ಉತ್ತರವನ್ನು ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ಹೇಳಿದಳು.

ಹೊಳಬಸಪ್ಪ ಮಾತ್ರ ಓಣಿ ಕೇಳಲಿಲ್ಲ. ಅವನಿಗೆ ಗೊತ್ತಿತ್ತು. "ನೀ ಓದಿದಾಕಿ. ಮ್ಯಾಲ ಅದ ಕೇರಿಯಾಕಿ. ಎರಡೂ ಬೇಕು ನಮಗ," ಎಂದ. ಓದು ಯಾಕೆ ಬೇಕು ಎನ್ನುವುದು ಆವತ್ತು ಅವಳಿಗೆ ತಿಳಿಯಲಿಲ್ಲ. ಬೆಲ್ಲ ಹಂಚಲಿಕ್ಕೆ ಓದು ಬೇಕಿರಲಿಲ್ಲ.

"ಸಕ್ಕರಿ ಆಗಾಕ ಹೋಗಿ ಬೆಲ್ಲ ಆಗಿ ಬಂದ್ಲಲ್ಲ ನಮ್ಮ ಬಾಯಾರು," ಎಂದು ಮೊದಲ ದಿನವೇ ಲಾಡಬಿ ಅಂದಳು. ಗಿರಣಿಯಲ್ಲಿ ಎಲ್ಲರಿಗಿಂತ ಹಳಬಳು ಲಾಡಬಿ. ಕಲ್ಲು ಒಡೆಯುವ ಕಡೆ ಇದ್ದಳು, ಬಯಲಲ್ಲಿ. ಅದಕ್ಕೇ ಇನ್ನೂ ಇದ್ದಳು. ಬಾಯಿ ತೆರೆದು ನಿಂತು ಚಾಷ್ಟಿ ಮಾಡುತ್ತಿದ್ದಳು. "ಹಲ್ಲ ಎರಡ ಅದಾವ ಬಾಯಾರ. ಎಣಿಸಿಕೋರಿ. ನಾಳೆ ಒಂದ ಕಡಿಮಿ ಬಿದ್ರ ಹೊಳಬಸಪ್ಪ ನನ್ನ ಮ್ಯಾಲ ಕಳವಿನ ಕೇಸ ಹಾಕ್ಯಾನು."

ಸಾಲು ನಗುತ್ತಿತ್ತು. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಕೆಮ್ಮುವವರಿಗೆ ಗಿರಣಿಯಲ್ಲಿ ಕೆಲಸವಿರಲಿಲ್ಲ. ಹೆಂಗಸರು ಕೆಮ್ಮನ್ನು ನುಂಗಲು ಕಲಿತಿದ್ದರು. ಬೆಲ್ಲಕ್ಕಿಂತ ಮೊದಲು ಅದನ್ನು ನುಂಗುತ್ತಿದ್ದರು.

ಸಾಲಿನ ಕೊನೆಗೆ ಅವ್ವ ನಿಲ್ಲುತ್ತಿದ್ದಳು. ಹನಮವ್ವ. ಪುಡಿ ಕೋಣೆಯಲ್ಲಿ ಚೀಲ ತುಂಬುವವಳು. ಆ ಕೋಣೆಗೆ ಒಂದೇ ಬಾಗಿಲು, ಅದನ್ನೂ ಪುಡಿ ಹಾರೀತೆಂದು ಹಾಕಿಕೊಂಡು ಕೆಲಸ. ಒಬ್ಬಳು ಚೀಲದ ಬಾಯಿ ಹಿಡಿಯಬೇಕು, ಇನ್ನೊಬ್ಬಳು ಸುರುವಬೇಕು. ಎದುರಿಗಿದ್ದವಳ ಮೋರೆ ಕಾಣುವುದಿಲ್ಲ. ಅವ್ವನಿಗೆ "ಬಾಯಿ ತೆರಿ" ಅನ್ನಲು ಸಕ್ರವ್ವನಿಗೆ ನಾಲಿಗೆ ಏಳುತ್ತಿರಲಿಲ್ಲ. ಅವ್ವ ತಾನೇ ತೆರೆಯುತ್ತಿದ್ದಳು, ಆಕಡೆ ಈಕಡೆ ನೋಡಿ, ದವಾಖಾನೆಯಲ್ಲಿ ತೋರಿಸುವಂತೆ. ಸಕ್ರವ್ವ ನೋಡದೆಯೇ ಗೋಣು ಹಾಕುತ್ತಿದ್ದಳು.

ಒಂದು ಸಂಜೆ ಹೊಳಬಸಪ್ಪ ಹಿಂದೆ ಬಂದು ನಿಂತಿದ್ದ.

"ಏ ಸಕ್ರವ್ವ. ನಿಮ್ಮವ್ವನ ಗಲ್ಲ ಉಬ್ಬೇತಿ. ನೋಡಿದೇನು?"

ಅವ್ವನ ಎಡಗಲ್ಲದಲ್ಲಿ ಬೆಲ್ಲವಿತ್ತು. ಸಕ್ರವ್ವ ಸಣ್ಣಾಕಿ ಇದ್ದಾಗಿನಿಂದ ಅವ್ವ ಬೆಲ್ಲ ಉಳಿಸಿಕೊಂಡೇ ಬರುತ್ತಿದ್ದಳು. ಸಂಜೆ ಮನೆಗೆ ಬಂದು ಸೆರಗಿನ ಗಂಟು ಬಿಚ್ಚಿ ಆ ಬೆಲ್ಲದಲ್ಲಿ ಅವ್ವ ಚಹಾ ಕಾಸಿ ಕೊಡುತ್ತಿದ್ದಳು. ಸಕ್ರವ್ವ ಅದನ್ನು ಕುಡಿದು ಓದಲು ಕೂಡುತ್ತಿದ್ದಳು. ಗೇಟಿನಲ್ಲಿ ಸೆರಗು ಬಿಚ್ಚಿಸಿ ಜಡತಿ ಮಾಡತೊಡಗಿದ ಮೇಲೆ ಬೆಲ್ಲ ಗಲ್ಲಕ್ಕೆ ಹೋಗಿತ್ತು.

"ನುಂಗವ್ವ," ಎಂದಳು ಸಕ್ರವ್ವ, ಮೆಲ್ಲಗೆ.

"ಹಂಗಲ್ಲ," ಎಂದ ಹೊಳಬಸಪ್ಪ. "ಬೆರಳ ಹಾಕು. ತಗದು ಎಲ್ಲಾರಿಗೂ ತೋರಸು. ನಿಮ್ಮವ್ವ ಅಂತ ನಾ ಬಿಡಾವಲ್ಲ."

ಅವ್ವ ಕಣ್ಣು ಮುಚ್ಚಿ ಬಾಯಿ ತೆರೆದಳು. ಸಕ್ರವ್ವ ಬೆರಳು ಹಾಕಿದಳು. ಅವ್ವನ ನಾಲಿಗೆ ಬಿಸಿಯಾಗಿತ್ತು, ಒಣಗಿತ್ತು. ಬೆಲ್ಲ ಹೊರಗೆ ಬಂತು. ಅದರ ಮೇಲೆ ಬಿಳಿ ಪುಡಿ ಹತ್ತಿತ್ತು. ಪುಡಿಯ ಮೇಲೆ ರಕ್ತದ ಒಂದು ಎಳೆ.

"ನೋಡ್ರಿ," ಎಂದ ಹೊಳಬಸಪ್ಪ ಸಾಲಿಗೆ. "ಕೆಮ್ಮು ಯಾಕ ಬರತೈತಿ ಅಂತ ಕೇಳ್ತೀರಲ್ಲ. ಇದಕ್ಕ ಬರತೈತಿ."

ಮನೆಯಲ್ಲಿ ಅವ್ವ ಒಲೆಯ ಮುಂದೆ ಕೂತು ಬೆಂಕಿ ಹಚ್ಚಿದಳು. ಆಮೇಲೆ ಅಂದಳು. "ಖರೇನ ಐತಿ ಬಿಡ. ತಪ್ಪು ನಂದು. ಬೆಲ್ಲ ತಿಂದಿದ್ರ ನನ್ನ ಎದಿ ಇಷ್ಟೊತ್ತಿಗೆ ಹಸನ ಇರ್ತಿತ್ತು."

ಸಕ್ರವ್ವ ಕೈ ತೊಳೆಯುತ್ತಿದ್ದಳು. ಬಂದಾಗಿನಿಂದ ತೊಳೆಯುತ್ತಲೇ ಇದ್ದಳು.

"ಬೆಲ್ಲ ಹೊಟ್ಟಿಗೆ ಹೋಗತೈತಿ ಅವ್ವ. ಧೂಳ ಎದಿಗೆ ಹೋಗತೈತಿ. ಎರಡರ ದಾರಿ ಬ್ಯಾರೆ. ಎದಿಗೆ ಹೋದ ಕಲ್ಲು ಹೊರಗ ಬರೂದಿಲ್ಲ. ಅಲ್ಲೇ ಕುಂತು ಎದಿನ್ನ ಕಲ್ಲ ಮಾಡತೈತಿ."

ಅವ್ವನ ಕಿವಿಗೆ ಈ ಮಾತು ಬಿದ್ದದ್ದು ಇದೇ ಮೊದಲು. ಬೆಂಕಿಯ ಕಡೆ ನೋಡುತ್ತಾ ಕೇಳಿದಳು.

"ಹಂಗಾರ ನಿಮ್ಮಪ್ಪ ಬೆಲ್ಲ ತಿಂದಿದ್ರೂ ಸಾಯ್ತಿದ್ದ?"

"ಹೂಂ."

"ನಾ ಅಂವನ್ನ ಬೈದ ಕಳಿಸಿದ್ನಲ್ಲ. ಬೆಲ್ಲಾ ಮಾರತಿ ಅಂತ. ಸಾಯೂ ದಿನಾನೂ ಬೈದೆ." ಮಗಳ ಕಡೆ ಹೊರಳಿ ಕೇಳಿದಳು. "ಮತ್ತ ನಾ?"

ಸಕ್ರವ್ವ ಮತ್ತೆ ಕೈಗೆ ನೀರು ಸುರುವಿಕೊಂಡಳು. ಅವ್ವ ರೊಟ್ಟಿ ತಟ್ಟಲು ಶುರು ಮಾಡಿದಳು. ಹಿಟ್ಟು ಹಾರಿತು. ಇಬ್ಬರೂ ಅದನ್ನು ನೋಡಿದರು.

ಅದಾದ ಮೇಲಿನ ವಾರ ಹೊಳಬಸಪ್ಪ ಅವಳನ್ನು ಆಫೀಸಿಗೆ ಕರೆದ. ಕುರ್ಚಿ ಇತ್ತು. ಕೂಡು ಅನ್ನಲಿಲ್ಲ.

"ಸೋಮಾರ ತಪಾಸಣಿ ಐತಿ. ಮ್ಯಾಲಿನ ಆಫೀಸಿಗೆ ಯಾವನೋ ಅರ್ಜಿ ಒಗದಾನ. ಬರೂ ಸಾಹೇಬ ನಿನ್ನ ಕೂಡ ಓದಿದಾಂವ ಅಂತ. ಅಂದಪ್ಪ."

ಸಕ್ರವ್ವ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಅಂವಾ ನಿನ್ನ ಕೇಳ್ತಾನ. ಧೂಳ ಹದದಾಗ ಐತಿ ಅನ್ನು. ದಿನಾ ಬೆಲ್ಲ ಕೊಡ್ತೀವಿ, ನನ್ನ ಕಣ್ಣ ಮುಂದ ತಿಂತಾರ ಅನ್ನು. ಯಾರಿಗೂ ಕೆಮ್ಮಿಲ್ಲ. ಇದ್ರ ಅದು ಬೀಡಿದು, ಒಲಿ ಹೊಗಿದು. ನಾ ಹೇಳಿದ್ರ ನಂಬ್ತಾರೋ ಬಿಡ್ತಾರೋ. ಕೇರಿ ಹುಡುಗಿ, ಎಂ.ಎಸ್ಸಿ. ಓದಿದಾಕಿ ಹೇಳಿದ್ರ ಮುಗೀತು."

ಓದು ಯಾಕೆ ಬೇಕಾಗಿತ್ತು ಎನ್ನುವುದು ಈಗ ತಿಳಿಯಿತು.

"ಗಿರಣಿ ಸಾವುಕಾರ್ರಿಗೆ ನಿಮ್ಮವ್ವನ ಸುದ್ದಿ ಹಾಕೇನಿ," ಎಂದ ಹೊಳಬಸಪ್ಪ, ದನಿ ಇಳಿಸಿ. "ಪುಡಿ ಕೋಣಿ ಬಿಡಸ್ತೇನಿ. ಅಂಗಳದಾಗ ಗಿಡಕ್ಕ ನೀರ ಹಾಕಲಿ, ಪಗಾರ ಅದ. ಗಾಳ್ಯಾಗ ಇದ್ರ ಇನ್ನೊಂದಿಷ್ಟ ವರ್ಷ ಇದ್ದಾಳು. ಪುಡಿ ಕೋಣ್ಯಾಗ ಇದ್ರ ಏನಾಕ್ಕೈತಿ ಅಂತ ನನಗಿಂತ ನಿನಗ ಗೊತ್ತಲ್ಲ. ಓದೀದಿ."

ಅವನಿಗೆ ಗೊತ್ತಿತ್ತು. ಬೆಲ್ಲದ ಮಾತು ಸುಳ್ಳೆಂದು ಅವನಿಗೆ ಮೊದಲಿಂದಲೂ ಗೊತ್ತಿತ್ತು.

ರಾತ್ರಿ ಮಲಗಿದಾಗ ಅವಳು ಅವ್ವನಿಗೆ ಹೇಳಿದಳು. ಅವ್ವ ಒಂದು ಗಳಿಗೆಯೂ ಯೋಚಿಸಲಿಲ್ಲ. "ಹೂಂ ಅಂದ ಬಿಡ. ನಾ ಗಿಡಕ್ಕ ನೀರ ಹಾಕ್ತೇನಿ. ನನಗೂ ಸಾಯಾಕ ಹೌಸಿಲ್ಲ."

"ನಿನ್ನ ಜಾಗಾಕ್ಕ ಪುಡಿ ಕೋಣಿಗೆ ಯಾರ ಹೋಗ್ತಾರವ್ವ?"

ಅವ್ವ ಆಕಡೆ ಮಗ್ಗುಲಾದಳು. "ಅದನ್ನ ನನಗ ಕೇಳಬ್ಯಾಡ," ಎಂದಳು.

ಸೋಮವಾರ ಗಿರಣಿ ಮದುವೆ ಮನೆಯಂತೆ ಇತ್ತು. ನೆಲಕ್ಕೆ ನೀರು ಹೊಡೆದಿದ್ದರು. ಬೀಸುವ ಯಂತ್ರಗಳಲ್ಲಿ ಒಂದನ್ನು ಬಿಟ್ಟು ಉಳಿದವು ಬಂದ್. ಪುಡಿ ಕೋಣೆಯ ಬಾಗಿಲು ಪೂರ್ತಿ ತೆರೆದು ಹಾರು ಹೊಡೆದಿತ್ತು. ಹೆಂಗಸರಿಗೆ ಬಾಯಿಗೆ ಕಟ್ಟಿಕೊಳ್ಳಲು ಹೊಸ ಅರಿವೆಯ ತುಂಡು ಕೊಟ್ಟು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಹೊಳಬಸಪ್ಪ ಸಾಲಿನ ಮುಂದೆ ಅಡ್ಡಾಡಿ ಹೇಳಿದ. "ಸಾಹೇಬ ಹೋಗೂತನ ಯಾರೂ ಕೆಮ್ಮಬಾರದು. ಕೆಮ್ಮಿದಾಕಿ ನಾಳಿಂದ ಮನ್ಯಾಗ ಕುಂತ ಕೆಮ್ಮಬೇಕು."

"ಹೂಸ ಬಿಡಬಹುದೇನ್ರಿ ಧಣಿ?" ಎಂದಳು ಲಾಡಬಿ. ಯಾರೂ ನಗಲಿಲ್ಲ. ನಗುವುದೂ ಅಪಾಯವಾಗಿತ್ತು.

ಜೀಪು ಬಂತು. ಅಂದಪ್ಪ ಬಿಳಿ ಸಫಾರಿ ತೊಟ್ಟಿದ್ದ. ಕಾಲೇಜಿನಲ್ಲಿದ್ದಾಗಿನದಕ್ಕಿಂತ ಮೈ ತುಂಬಿಕೊಂಡಿದ್ದ. ಸಕ್ರವ್ವನನ್ನು ನೋಡಿ ನಿಜವಾಗಿಯೇ ಖುಷಿಪಟ್ಟ. "ಸಕ್ಕರವ್ವಾರ. ನೀವಿಲ್ಲಿ ಅದೀರೇನು? ಚಲೋ ಆತು. ನಮ್ಮ ವಿಷಯದಾಗ ನೌಕರಿ ಸಿಗೂದ ಅಪರೂಪ."

ಒಳಗೆ ಹೋಗಿ ಬಂದ. ಒಂದು ಯಂತ್ರ ನೋಡಿದ. ಒದ್ದೆ ನೆಲ ನೋಡಿದ. ಅವನ ಕಣ್ಣು ಒದ್ದೆ ನೆಲದ ಮೇಲೆ ಸ್ವಲ್ಪ ಹೊತ್ತು ನಿಂತದ್ದನ್ನು ಸಕ್ರವ್ವ ಕಂಡಳು. ಅವನಿಗೂ ತಿಳಿದಿತ್ತು. ಆದರೂ ಚಹಾ ಕುಡಿದು ಸಾಲಿನ ಮುಂದೆ ಬಂದು ಕೇಳಿದ.

"ಯಾರಿಗರ ಕೆಮ್ಮ ಐತೇನ್ರವಾ?"

ಸಾಲು ಅಲುಗಾಡಲಿಲ್ಲ. ಅರಿವೆಯ ಮೇಲೆ ಬರಿ ಕಣ್ಣುಗಳು. ಕಣ್ಣಲ್ಲಿ ನೀರು. ಕೊರಳಿನ ನರ ಉಬ್ಬಿದ್ದವು. ಉಸಿರನ್ನು ಹೊಟ್ಟೆಯಲ್ಲಿ ಹಿಡಿದು ನಿಂತ ಹೆಂಗಸರು. ಒಬ್ಬಳ ಭುಜ ಒಮ್ಮೆ ಜಿಗಿದು ಸುಮ್ಮನಾಯಿತು. ಕೊನೆಗೆ ನಿಂತ ಅವ್ವ ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಿದ್ದಳು.

"ನೋಡ್ರಿ ಸಾಹೇಬ್ರ," ಎಂದ ಹೊಳಬಸಪ್ಪ. "ಬೆಲ್ಲದ ಪ್ರತಾಪ."

ಅಂದಪ್ಪ ಪೆನ್ನು ತೆಗೆದ. "ಸಕ್ಕರವ್ವಾರ, ನೀವ ಹೇಳಿಬಿಡ್ರಿ. ನೀವು ಹೇಳಿದ್ದ ಬರಕೋತೇನಿ."

ಹೂಂ ಅಂದರೆ ಸಾಕಿತ್ತು. ಅಷ್ಟು ಅಂದರೆ ಅವ್ವ ನಾಳೆಯಿಂದ ಗಿಡದ ಬುಡದಲ್ಲಿ. ಅವ್ವ ಅಲ್ಲಿಂದಲೇ ಕಣ್ಣಿನಲ್ಲಿ ಹೇಳುತ್ತಿದ್ದಳು, ಅನ್ನು, ಅಂದುಬಿಡು ಎಂದು. ಅವ್ವನ ಮಗ್ಗುಲಲ್ಲಿ ಹೋದ ತಿಂಗಳು ಸೇರಿದ ಹುಡುಗಿ ನಿಂತಿದ್ದಳು. ಕೈಯ ಹಸಿರು ಬಳೆ ಇನ್ನೂ ಹೊಸವು. ಪುಡಿ ಕೋಣೆಯಲ್ಲಿ ಖಾಲಿಯಾದ ಜಾಗಕ್ಕೆ ಹೊಸಬರನ್ನೇ ಹಾಕುತ್ತಿದ್ದರು. ಅವ್ವನ ಜಾಗಕ್ಕೆ ಹೋಗುವವಳು ಅವಳೇ.

ಮಾತು ಗಂಟಲಿಗೆ ಬಂತು. ಯಾವಾಗಿನಂತೆ ಹಿಂದಕ್ಕೆ ಹೋಗಲು ನೋಡಿತು. ಸಕ್ರವ್ವ ಬಿಡಲಿಲ್ಲ.

"ನನ್ನ ಹೆಸರ ಸಕ್ರವ್ವ," ಎಂದಳು. "ಸಕ್ಕರವ್ವ ಅಲ್ಲ."

ಅಂದಪ್ಪ ತಲೆ ಎತ್ತಿದ.

"ಬೆಲ್ಲ ಹೊಟ್ಟಿಗೆ ಹೋಗತೈತ್ರಿ, ಧೂಳ ಎದಿಗೆ ಹೋಗತೈತಿ. ಇದು ನಿಮಗ ಗೊತ್ತೈತಿ. ಒಂದ ಕ್ಲಾಸಿನ್ಯಾಗ ಕುಂತ ಓದೀವಿ. ಯಂತ್ರ ಬಂದ್ ಮಾಡ್ಯಾರ. ನೆಲಕ್ಕ ನೀರ ಇವತ್ತಷ್ಟ ಹೊಡದಾರ. ಇಲ್ಲಿ ನಿಂತವರಿಗೆಲ್ಲಾ ಕೆಮ್ಮ ಐತಿ. ಬರಕೋರಿ."

"ಲೇ," ಎಂದ ಹೊಳಬಸಪ್ಪ.

ಅಂದಪ್ಪ ಬರೆದುಕೊಳ್ಳಲಿಲ್ಲ. ಮೆಲ್ಲಗೆ ಅಂದ. "ಇವರು ಇಲ್ಲ ಅಂತಾರಲ್ರಿ. ಯಾರೂ ಕೆಮ್ಮವಲ್ರು. ನಿಮ್ಮೊಬ್ಬರ ಮಾತ ಮ್ಯಾಲ ನಾ ಹ್ಯಾಂಗ ಬರೀಲಿ?"

ಸಕ್ರವ್ವ ಸಾಲಿನ ಕೊನೆಗೆ ನಡೆದಳು. ಅವ್ವ ಹಿಂದಕ್ಕೆ ಸರಿದಳು. ಅವಳ ಕಣ್ಣಲ್ಲಿ ಸಿಟ್ಟಿತ್ತು. ಸಕ್ರವ್ವ ಅವ್ವನ ಎರಡೂ ಕೈ ಹಿಡಿದು ಬಾಯಿಂದ ಕೆಳಗಿಳಿಸಿದಳು. ಅರಿವೆ ಬಿಚ್ಚಿದಳು.

"ತಡೀಬ್ಯಾಡವ್ವ. ಕೆಮ್ಮು."

ಅವ್ವ ಹಲ್ಲು ಕಚ್ಚಿದಳು. ಮಗಳ ಮೋರೆ ನೋಡಿದಳು. ಪಕ್ಕದ ಹಸಿರು ಬಳೆಗಳನ್ನು ನೋಡಿದಳು. ಆಮೇಲೆ ಕೆಮ್ಮಿದಳು.

ಅದು ಹೊಟ್ಟೆಯ ತಳದಿಂದ ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ಲಾಡಬಿ ತನ್ನ ಅರಿವೆ ಕಿತ್ತು ನೆಲಕ್ಕೆ ಒಗೆದು ಕೆಮ್ಮಿದಳು. ಆಮೇಲೆ ಅವಳ ಮುಂದಿನವಳು. ಆಮೇಲೆ ಎಲ್ಲರೂ. ವರ್ಷಗಟ್ಟಲೆ ನುಂಗಿದ ಕೆಮ್ಮು. ಬಾಗಿ, ಮೊಣಕಾಲು ಹಿಡಿದು, ಒಬ್ಬರ ಬೆನ್ನಿಗೆ ಒಬ್ಬರು ಆತು ಕೆಮ್ಮಿದರು. ಹೊಳಬಸಪ್ಪ ಏನೋ ಒದರುತ್ತಿದ್ದ, ಕೇಳಿಸಲಿಲ್ಲ. ಅಂದಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಹೊಳಬಸಪ್ಪನಿಗೆ ಆ ಸಪ್ಪಳ ಮುಚ್ಚಬೇಕಾಗಿತ್ತು. ಒಳಗೆ ಓಡಿ ಮಿಸ್ತ್ರಿಗೆ ಹೇಳಿದ. "ಚಾಲೂ ಮಾಡೋ. ಎಲ್ಲಾ ಚಾಲೂ ಮಾಡು."

ಯಂತ್ರಗಳೆಲ್ಲ ಒಟ್ಟಿಗೆ ತಿರುಗಿದವು. ನೆಲ ನಡುಗಿತು. ಕೆಮ್ಮಿನ ಸಪ್ಪಳ ಮುಚ್ಚಿತು. ಹಾರು ಹೊಡೆದ ಬಾಗಿಲಿನಿಂದ ಬಿಳಿ ಧೂಳು ಎದ್ದು ಗೋಡೆಯಂತೆ ಅಂಗಳಕ್ಕೆ ಬಂತು. ಒದ್ದೆ ನೆಲ ಅದನ್ನು ಹಿಡಿಯಲಿಲ್ಲ. ಅಂದಪ್ಪನ ತಲೆ ಬೆಳ್ಳಗಾಯಿತು. ಹುಬ್ಬು, ರೆಪ್ಪೆ, ಕೈಯಲ್ಲಿದ್ದ ಹಾಳೆ ಎಲ್ಲ ಬೆಳ್ಳಗಾದವು. ಅವನು ಮೂಗು ಮುಚ್ಚಿಕೊಂಡು ಜೀಪಿನ ಕಡೆ ಓಡಿದ.

ಸಕ್ರವ್ವ ಬೆನ್ನು ಹತ್ತಿದಳು. "ಈಗರ ಬರಕೋರಿ."

"ಆಫೀಸಿಗೆ ಹೋಗಿ ನೋಡ್ತೇನಿ," ಎಂದ ಅಂದಪ್ಪ, ಅವಳನ್ನು ನೋಡದೆ. "ನಡಿಯೋ," ಎಂದ ಡ್ರೈವರನಿಗೆ.

ಜೀಪು ಗೇಟಿನ ಹೊರಗೆ ಹೊರಳಿತು. ಅಷ್ಟರಲ್ಲಿ ಗಾಳಿ ಹುಡುಕಿಕೊಂಡು ಅವ್ವ ರಸ್ತೆಗೆ ಬಂದಿದ್ದಳು. ನಿಲ್ಲಲು ಆಗಲಿಲ್ಲ. ನಡು ರಸ್ತೆಯಲ್ಲೇ ಕೂತುಬಿಟ್ಟಳು. ಜೀಪು ಅವಳ ಮುಂದೆ ನಿಂತಿತು. ಡ್ರೈವರ್ ಹಾರ್ನ್ ಹೊಡೆದ.

ಸಕ್ರವ್ವ ಓಡಿ ಹೋಗಿ ರಟ್ಟೆಗೆ ಕೈ ಹಾಕಿದಳು. "ಏಳವ್ವ. ಮಗ್ಗಲಕ್ಕ ಕುಂದರೂಣು."

ಅವ್ವ ಉಸಿರು ಎಳೆದುಕೊಳ್ಳುತ್ತಾ ಜೀಪನ್ನು ನೋಡಿದಳು. ಒಳಗೆ ಬೆಳ್ಳಗೆ ಕೂತ ಸಾಹೇಬನನ್ನು ನೋಡಿದಳು. ಲಾಡಬಿ ಬಂದು ಅವಳ ಬಾಜೂಕೆ ಕೂತಳು. ಹಸಿರು ಬಳೆಯ ಹುಡುಗಿ ಬಂದಳು. ಗೇಟಿನಿಂದ ಒಬ್ಬೊಬ್ಬರಾಗಿ ಹೊರಗೆ ಬಂದು ಕೂತರು. ಒಳಗೆ ಆಫೀಸಿನಲ್ಲಿ ಹೊಳಬಸಪ್ಪ ಠಾಣೆಗೆ ಫೋನ್ ಹಚ್ಚಿದ್ದ. ಹೌದ್ರಿ, ಹೌದ್ರಿ, ಲಗೂನ ಬರ್ರಿ ಎಂದು ಒದರುವುದು ಕಿಟಕಿಯಿಂದ ಯಂತ್ರದ ಸಪ್ಪಳದಲ್ಲೂ ಕೇಳುತ್ತಿತ್ತು.

ಡ್ರೈವರ್ ಮತ್ತೆ ಹಾರ್ನ್ ಹೊಡೆದ. ಎಂಜಿನ್ ಜೋರು ಮಾಡಿದ. ಜೀಪು ಅವ್ವನ ಮೊಣಕಾಲಿನ ತನಕ ಬಂದು ನಿಂತಿತು.

"ಏಳವ್ವ," ಎಂದಳು ಸಕ್ರವ್ವ ಮತ್ತೆ.

"ಒಲ್ಲೆ," ಎಂದಳು ಅವ್ವ. "ನೀನೂ ಕುಂದರ ಬಾ."